ಹೊಕ್ಕುಳ ಸುತ್ತ

ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ ಎಂದು ಯೋಗಾನರಸಿಂಹ ಮಂಡ್ಯದಿಂದ ಗೆಜ್ಜಲಗೆರೆಯವರೆಗೂ ತನಗೆ ತಾನೇ ಹೇಳಿಕೊಂಡ. ಬಸ್ಸಿನಲ್ಲಿ ನೆಟ್ಟಗೆ ನಿಲ್ಲಲು ಜಾಗವಿರಲಿಲ್ಲ. ಕಾಲ ಹತ್ತಿರ ಯಾರದೋ ಕೋಳಿ ಬುಟ್ಟಿ, ಬೆನ್ನಿಗೆ ಯಾರದೋ ಮೊಣಕೈ. ಅವನು ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ಎಂದು ಗೊತ್ತಿದ್ದ ಕಂಡಕ್ಟರು, "ಮುಂದಕ್ಕೋಗಿ ಮೇಷ್ಟ್ರೆ, ಅಲ್ಲೇ ಬೇರು ಬುಟ್ಟವ್ರಂಗೆ ನಿಂತ್ಕಬ್ಯಾಡಿ," ಎಂದು ಎಲ್ಲರೆದುರಿಗೆ ಗದರಿದಾಗಲೂ ಕೋಪ ಬರಲಿಲ್ಲ. ಗದರಿಸಿಕೊಳ್ಳುವುದಕ್ಕೇ ಲಾಯಕ್ಕಾದವನು ತಾನು ಎಂಬುದು ಬೆಳಿಗ್ಗೆಯೇ ತೀರ್ಮಾನವಾಗಿಹೋಗಿತ್ತು. ಆಸ್ಪತ್ರೆಯ ಬೆಂಚಿನಿಂದ ಎದ್ದು, ಆ ದಿನದ ಇಂಜೆಕ್ಷನ್ ಹಾಕಿಸಿಕೊಳ್ಳದೆ, ಬೋಳು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಗುತ್ತಲಿನ ಮನೆಯ ಕಡೆ ನಡೆದುಬಿಟ್ಟ ಅಮ್ಮನ ಹಿಂದೆ ಅವನು ಓಡಬೇಕಿತ್ತು. ಓಡಲಿಲ್ಲ. ಅಮ್ಮ ಹೋಗುತ್ತಿದ್ದಳು, ಬಸ್ಸೂ ಹೋಗುವುದರಲ್ಲಿತ್ತು, ಅವನು ಬಸ್ಸು ಹತ್ತಿದ. ರಜಾ ಚೀಟಿ ಬರೆದಿಲ್ಲ, ಹೆಡ್‌ಮೇಷ್ಟ್ರು ಸಿಡುಕುತ್ತಾರೆ ಎಂದು ಒಂದು ನೆಪ ಕೂಡ ಆ ಗಳಿಗೆಯಲ್ಲಿ ಹೊಳೆದಿತ್ತು. ಹುಚ್ಚುನಾಯಿ ಕಚ್ಚಿದ ತಾಯಿಯನ್ನು ಔಷಧಿಯಿಲ್ಲದೆ ಮನೆಗೆ ಹೋಗಲು ಬಿಟ್ಟು ತಾನು ಮದ್ದೂರಿನ ಮಕ್ಕಳಿಗೆ ಪಾಠ ಹೇಳಲು ಹೊರಟಿದ್ದೇನಲ್ಲ, ನನ್ನಂಥ ಹೇಡಿ ಈ ಬಸ್ಸಿನಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ಅವನು ಸುತ್ತಲಿನ ಮುಖಗಳನ್ನು ನೋಡಿದ. ಎಲ್ಲರೂ ಅವರವರ ಗಂಟುಮೂಟೆಯ ಯೋಚನೆಯಲ್ಲಿದ್ದರು.

ಎಲ್ಲದಕ್ಕೂ ಆ ಕೊಳಾಯಿಯೇ ಕಾರಣ ಎಂಬುದು ಅವನ ವಾದ. ಹಿತ್ತಿಲಲ್ಲೇ ಮುನಿಸಿಪಾಲಿಟಿ ಕೊಳಾಯಿ ಇದೆ. ಆದರೆ ಅದರೊಳಗೆ ಚರ್ಮದ ವಾಷರ್ ಇರುತ್ತದೆಂದು ಅಪ್ಪ ಬದುಕಿದ್ದ ಕಾಲದಲ್ಲಿ ಯಾವನೋ ಹೇಳಿದ್ದನಂತೆ. ಅಂದಿನಿಂದ ಅಮ್ಮ ತಿರುಮಲಮ್ಮ ಕೊಳಾಯಿ ನೀರನ್ನು ಅಡಿಗೆಗೂ ದೇವರಿಗೂ ಮುಟ್ಟಿಸಿದವಳಲ್ಲ. ದಿನಾ ಬೆಳಗಾಗೆದ್ದು ಒದ್ದೆ ಬಟ್ಟೆಯಲ್ಲಿ ಎರಡು ಬೀದಿಯಾಚೆಯ ದೇವಸ್ಥಾನದ ಬಾವಿಗೆ ಹೋಗಿ ಒಂದು ಬಿಂದಿಗೆ ಸೇದಿಕೊಂಡು ಬರಬೇಕು. ಈಗ ಬರುವುದು ರಬ್ಬರ್ ವಾಷರ್, ಬೇಕಾದರೆ ಬಿಚ್ಚಿ ಕೈಯಲ್ಲಿಡುತ್ತೇನೆ ಎಂದು ಅವನು ಎಷ್ಟೋ ಸಲ ಕೂಗಾಡಿದ್ದ. ಹಾಗೆ ಕೂಗಾಡಿದ್ದರಿಂದಲೇ, ಬಾವಿಯಿಂದ ಬರುವಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿದ್ದನ್ನು ಅವಳು ಹೇಳಲಿಲ್ಲ. ಬಿಂದಿಗೆಯ ನೀರನ್ನು ಅಲ್ಲೇ ಚೆಲ್ಲಿ, ವಾಪಸು ಬಾವಿಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡು, ಮನೆಗೆ ಬಂದು ಸೀಗೆಪುಡಿ ಹಾಕಿ ಗಾಯವನ್ನು ತಿಕ್ಕಿ ತಿಕ್ಕಿ ತೊಳೆದು, ಮತ್ತೆ ಸ್ನಾನ ಮಾಡಿ, ಎಂದಿನಂತೆ ಒಲೆ ಹಚ್ಚಿದ್ದಳು. ಅದೇ ನಾಯಿ ಅದೇ ದಿನ ಹಿತ್ತಿಲ ಗೋಡೆಯಾಚೆಯ ಬೋರಯ್ಯನ ಹಸುವಿನ ಮೂತಿಗೂ ಕಚ್ಚಿತ್ತು. ಬೋರಯ್ಯ ಅವರ ಮನೆಗೆ ಹಾಲು ಕೊಡುವವನು. ನಾಯಿಯನ್ನು ಬೀದಿಯವರು ಹೊಡೆದು ಕೊಂದದ್ದೂ ಆಯಿತು, ಎಲ್ಲರೂ ಮರೆತದ್ದೂ ಆಯಿತು. ಮೂರು ವಾರದ ಮೇಲೆ ಹಸು ಮೇವು ಬಿಟ್ಟಿತು, ನೀರು ಬಿಟ್ಟಿತು, ಜೊಲ್ಲು ಸುರಿಸುತ್ತ ಅರಚತೊಡಗಿತು. ಗಂಟಲಲ್ಲಿ ಕಬ್ಬಿನ ತುಂಡು ಸಿಕ್ಕಿರಬೇಕೆಂದು ಬೋರಯ್ಯ ಮೊಣಕೈವರೆಗೆ ಬಾಯೊಳಗೆ ಕೈ ಹಾಕಿ ನೋಡಿದ. ಏನೂ ಇರಲಿಲ್ಲ. ಹಗಲೂ ರಾತ್ರಿ ಅರಚಿ ಅರಚಿ ಅದು ಸತ್ತ ಮಧ್ಯಾಹ್ನ, ಊಟಕ್ಕೆ ಕೂತಿದ್ದ ಮಗನ ಮುಂದೆ ಬಂದು ನಿಂತು ತಿರುಮಲಮ್ಮ ಸೀರೆಯನ್ನು ಸ್ವಲ್ಪ ಎತ್ತಿ ತೋರಿಸಿದಳು. "ಯೋಗಾ, ಇಲ್ಲಿ ನೋಡೋ. ಆ ನಾಯಿ ನನಗೂ ಬಾಯಿ ಹಾಕಿತ್ತು. ನೀನು ಬೈತೀಯ ಅಂತ ಹೇಳಲಿಲ್ಲ."

ಕಲಸಿದ ಅನ್ನ ಎಲೆಯ ಮೇಲೆ ಹಾಗೇ ಉಳಿಯಿತು. ನೀನು ಬೈತೀಯ ಅಂತ. ಆ ಮಾತನ್ನು ಅವನು ಎಲ್ಲಿ ಇಟ್ಟುಕೊಳ್ಳಬೇಕು? ದೊಡ್ಡಾಸ್ಪತ್ರೆಯ ಡಾಕ್ಟರು ಗಾಯದ ಗುರುತನ್ನು ಒತ್ತಿ ನೋಡಿ, ತಡವಾಗಿದೆ, ಆದರೆ ತೊಳೆದದ್ದು ಒಳ್ಳೆಯದಾಯಿತು, ಕಚ್ಚಿರುವುದೂ ಕಾಲಿಗೆ, ಮಿದುಳಿಗೆ ದಾರಿ ಉದ್ದ, ಒಂದು ದಿನವೂ ತಪ್ಪಿಸದೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನೂ ಹಾಕಿಸಿ ಎಂದರು. ಆಮೇಲೆ ಅವನೊಬ್ಬನನ್ನೇ ಪಡಸಾಲೆಗೆ ಕರೆದು, ಅಪರೂಪಕ್ಕೆ ಈ ಔಷಧಿಯಿಂದಲೇ ಕೈಕಾಲು ಬಿದ್ದುಹೋಗುವುದುಂಟು, ನೀವು ವಿಜ್ಞಾನ ಓದಿದವರು, ನಿಮಗೆ ಗೊತ್ತಿರಲಿ, ಅವರಿಗೆ ಹೇಳಿ ಹೆದರಿಸಬೇಡಿ ಎಂದರು. ಮನೆಗೆ ನಡೆದು ಬರುವಾಗ ಅಮ್ಮ ಕೇಳಿದಳು: "ಇದನ್ನ ಯಾತರಲ್ಲಿ ಮಾಡ್ತಾರೋ?" ಅವನ ನಾಲಿಗೆ ಒಂದು ಕ್ಷಣವೂ ತಡೆಯಲಿಲ್ಲ. "ಗಿಡಮೂಲಿಕೆ ಕಣಮ್ಮ. ನೀಲಗಿರಿ ಬೆಟ್ಟದಲ್ಲಿ ಬೆಳೆಯತ್ತೆ." "ಹಾಗಾದರೆ ಸಂಜೀವಿನಿ ಜಾತಿಯದು ಅನ್ನು," ಎಂದು ಅವಳು ಸಮಾಧಾನಪಟ್ಟುಕೊಂಡಳು. ಸುಳ್ಳು ಹೇಳಬಾರದು ಎಂದು ಮೂವತ್ತೈದು ವರ್ಷ ಜಂಭ ಕೊಚ್ಚಿಕೊಂಡವನು ತಾನು. ಮೈಸೂರಿನ ಹಾಸ್ಟೆಲಿನಲ್ಲಿ ಮೊಟ್ಟೆ ತಿಂದದ್ದನ್ನು ಕೂಡ ರಜಕ್ಕೆ ಬಂದಾಗ ಅಮ್ಮನ ಮುಖಕ್ಕೇ ಹೇಳಿ ಅವಳನ್ನು ಎರಡು ದಿನ ಉಪವಾಸ ಕೆಡವಿದ್ದ. ಅದನ್ನು ಪ್ರಾಮಾಣಿಕತೆ ಎಂದು ಕರೆದುಕೊಂಡಿದ್ದ, ಬರೀ ಕ್ರೌರ್ಯವಾಗಿದ್ದರೂ ಇರಬಹುದು ಎಂದು ಈಗ ಅನ್ನಿಸಿತು. ಸಿಡುಬಿನ ಲಸಿಕೆಯನ್ನು ಕರುವಿನ ಹೊಟ್ಟೆಯ ಚರ್ಮದ ಮೇಲೆ ಬೆಳೆಸುತ್ತಾರೆ ಎಂದು ಓದಿದ ದಿನ ಸ್ಟಾಫ್ ರೂಮಿನಲ್ಲಿ, "ಅಯ್ಯಂಗಾರರ ತೋಳಿನಲ್ಲೆಲ್ಲ ಒಂದೊಂದು ಕರು ಇದೆ ಕಣ್ರೀ, ಮಡಿ ಎಲ್ಲಿ ಬಂತು?" ಎಂದು ತಾನೇ ಚಟಾಕಿ ಹಾರಿಸಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಶಿವಪುರದಲ್ಲಿ ಬಸ್ಸು ನಿಂತು ಒಂದಷ್ಟು ಜನ ಇಳಿದರು. ಕೂರಲು ಜಾಗ ಸಿಕ್ಕಿತು. ಕೂತ ಮೇಲೆ ನೆನಪಿಗೆ ಬಂದದ್ದು ಅಮ್ಮನ ಹೊಟ್ಟೆ. ಆಸ್ಪತ್ರೆಯಲ್ಲಿ ಮರೆಗೆಂದು ನಿಲ್ಲಿಸಿದ್ದ ಪರದೆ ನರ್ಸಮ್ಮನ ಕೈ ತಗುಲಿ ಒಂದು ದಿನ ಸರಿದಿತ್ತು. ಅಮ್ಮ ಮೇಜಿನ ಮೇಲೆ ಕಣ್ಣು ಮುಚ್ಚಿ ಮಲಗಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಹೊಕ್ಕುಳ ಸುತ್ತ ನಿಂಬೆಹಣ್ಣಿನ ಗಾತ್ರದ ಕೆಂಪು ಗಂಟುಗಳು. ಅಪ್ಪ ತೀರಿಕೊಂಡ ಮೇಲೆ ಪರಪುರುಷರಿರಲಿ, ಸೊಸೆಯ ಎದುರು ಕೂಡ ಮೈ ಕಾಣದ ಹಾಗೆ ಬದುಕಿದವಳು. ಆ ಹೊಟ್ಟೆಯಿಂದ ತಾನು ಬಂದದ್ದು ಎಂಬ ಯೋಚನೆ ಅವನಿಗೆ ಹೇಸಿಗೆಯನ್ನೂ ದುಃಖವನ್ನೂ ಒಟ್ಟಿಗೇ ತಂದಿತು, ಹೇಸಿಗೆಯಾದದ್ದಕ್ಕೆ ನಾಚಿಕೆಯಾಯಿತು. ದಿನಾ ಸಂಜೆ ಅವನು, "ಕಾಲು ಜುಂ ಅನ್ನತ್ತಾ ಅಮ್ಮ? ಬೆರಳು ಮರಗಟ್ಟತ್ತಾ?" ಎಂದು ಕೇಳುತ್ತಿದ್ದ. ಮಗನಿಗೆ ಈಚೆಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಅವಳು ಪಂಕಜಳ ಹತ್ತಿರ ಹೇಳಿಕೊಂಡಿದ್ದಳಂತೆ. ಹೆಂಡತಿ ಅದನ್ನು ತಿಳಿಸಿದಾಗ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

ಬೋರಯ್ಯನದೇನೂ ತಪ್ಪಿಲ್ಲ. ಹುಚ್ಚು ಹಿಡಿದ ಹಸುವಿನ ಬಾಯಿಗೆ ಕೈ ಹಾಕಿದ್ದಕ್ಕಾಗಿ ಅವನಿಗೂ ದಿನಾ ಅದೇ ಇಂಜೆಕ್ಷನ್, ಅದೇ ಬೆಂಚು. ಇಷ್ಟು ದಿನ ಅವನು ದೂರ ಕೂರುತ್ತಿದ್ದ. ಇವತ್ತು ಬೆಂಚು ತುಂಬಿ, ಅಮ್ಮನಿಂದ ಒಂದು ಮಾರು ಜಾಗ ಬಿಟ್ಟು ನೆಲದ ಮೇಲೆ ಕೂತ. ಹದಿನಾಲ್ಕರಲ್ಲಿ ಅರ್ಧ ಮುಗಿದಿದ್ದ ಸಲಿಗೆಯಲ್ಲಿ ಮಾತಿಗೆಳೆದ.

"ನೋವು ಎಂಗದೆ ಅಮ್ಮಾರೆ?"

"ಇದೆಯಪ್ಪ. ಮಗ್ಗುಲಾಗೋಕೆ ಆಗಲ್ಲ."

"ನಂಗೂವೆ. ಒಟ್ಟೆ ಒಳ್ಳೆ ಕಲ್ಲಾಗೋಗದೆ. ಏನ್ ಮಾಡಾದು, ಕುರಿ ಮಿದ್ಳು ನೋಡಿ, ಅರಗ್ಬೇಕಲ್ಲ."

"ಏನಪ್ಪ ಅದು?"

"ಈ ಔಸ್ದಿ ಕಣಮ್ಮಾರೆ. ಕುರಿ ಮಿದ್ಳ ಅರುದು ಮಾಡಾದಂತೆ. ನಮ್ಮಟ್ಟೀಲಿ ಎಲ್ರೂ ನಗ್ತಾವ್ರೆ, ತಿಂದಿದ್ದು ಸಾಲ್ದು ಅಂತ ಬೋರಯ್ಯ ಸೂಜೀಲೂ ಆಕುಸ್ಕತಾವ್ನೆ ಅಂತ."

ಅಮ್ಮ ಬೋರಯ್ಯನನ್ನು ನೋಡಲಿಲ್ಲ, ಮಗನನ್ನು ನೋಡಿದಳು. ಇಲ್ಲ ಎಂದುಬಿಡಬಹುದಿತ್ತು. ಇವನಿಗೇನು ಗೊತ್ತು ಎಂದು ಬೋರಯ್ಯನ ಬಾಯಿ ಮುಚ್ಚಿಸಬಹುದಿತ್ತು. ಸುಳ್ಳನ್ನು ಅಷ್ಟು ಸಲೀಸಾಗಿ ಹೆತ್ತ ನಾಲಿಗೆ ಅದನ್ನು ಸಾಕಬೇಕಾದ ಹೊತ್ತಿಗೆ ಸತ್ತುಹೋಯಿತು. "ಯಾಕ್ ಮೇಷ್ಟ್ರೆ, ಅಮ್ಮಾರ್ಗೆ ಏಳಿರ್ನಿಲ್ವಾ?" ಎಂದು ಬೋರಯ್ಯ ನಿಜವಾದ ಆಶ್ಚರ್ಯದಿಂದ ಕೇಳಿದ. ಆಗ ಅವಳು ಎದ್ದದ್ದು.

ಒಂಬತ್ತನೆಯ ಕ್ಲಾಸಿಗೆ ಆ ದಿನದ ಪಾಠವೂ ಅದೇ ಆಗಬೇಕೇ? ಹಿಂದಿನ ವಾರವೇ ಸೋಂಕುರೋಗಗಳು ಮುಗಿದು ಲಸಿಕೆಗೆ ಬಂದು ನಿಂತಿತ್ತು. ಸ್ಕೂಲಿನ ಬೋರ್ಡಿನಲ್ಲಿ ಮೈಸೂರು ರಾಜ್ಯ ಎಂಬುದನ್ನು ಅಳಿಸಿ ಕರ್ನಾಟಕ ಎಂದು ಬರೆಸಿದ ಹೊಸ ಬಣ್ಣದ ವಾಸನೆ ಕ್ಲಾಸಿನವರೆಗೂ ಬರುತ್ತಿತ್ತು. ಅವನು ಚೆನ್ನಾಗಿ ಪಾಠ ಹೇಳುತ್ತಾನೆ ಎಂಬ ಹೆಸರಿತ್ತು. ಬಾಯಿ ತೆರೆದರೆ ಸಾಕು, ಪಾಠ ತಾನಾಗಿ ಹೊರಟಿತು, ಅವನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವನ ಹಾಗಿದ್ದ. ನಿಮ್ಮ ಮೈಯೊಳಗೆ ಒಬ್ಬ ಕಾವಲುಗಾರ ಇದ್ದಾನೆ, ಕಬ್ಬಿನ ಗದ್ದೆ ಕಾಯೋನ ಹಾಗೆ. ಅವನಿಗೆ ಕಳ್ಳನ ಮುಖ ಗೊತ್ತಿಲ್ಲ. ಕಬ್ಬು ಮುರಿದುಕೊಂಡು ಹೋದ ಮೇಲೆ ಗೊತ್ತಾಗಿ ಪ್ರಯೋಜನ ಇಲ್ಲ, ಮುಂಚೆಯೇ ಮುಖ ತೋರಿಸಬೇಕು. ಲಸಿಕೆ ಅಂದರೆ ಅಷ್ಟೇ, ಮುಖ ತೋರಿಸೋದು. ಕಳ್ಳನನ್ನು ಜೀವಂತ ಹಿಡಿದು, ಕೈಕಾಲಿನ ಶಕ್ತಿ ತೆಗೆದು, ಗದ್ದೆಯಲ್ಲಿ ಬಿಡಬಹುದು. ಅವನು ತೆವಳಾಡುತ್ತಾನೆ, ಕದಿಯಲಾರ, ಕಾವಲುಗಾರ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಕ್ಷಯಕ್ಕೆ ಬಿ.ಸಿ.ಜಿ. ಹಾಕುವುದು ಹಾಗೆ. ಸಿಡುಬಿಗೆ ಹಾಕುವುದು ಕಳ್ಳನನ್ನೇ ಅಲ್ಲ, ಅವನ ದಾಯಾದಿಯನ್ನು, ಮುಖದಲ್ಲಿ ಹೋಲಿಕೆ ಇರುವ ಸಾಧುವನ್ನು. ಅದಕ್ಕೇ ಅದೊಂದು ಗುಳ್ಳೆ ಎದ್ದು ಅಲ್ಲಿಗೇ ಒಣಗುತ್ತದೆ. ಇಲ್ಲವಾದರೆ ಕಳ್ಳನನ್ನು ಕೊಂದು ಹೆಣವನ್ನು ತೋರಿಸಬಹುದು. ಕಾಲರಾ, ಟೈಫಾಯ್ಡು. ಹೆಣ ತೆವಳುವುದಿಲ್ಲವಾದ್ದರಿಂದ ಒಂದು ಸಲ ತೋರಿಸಿದರೆ ಕಾವಲುಗಾರ ಮರೆತುಬಿಡುತ್ತಾನೆ, ಮತ್ತೆ ಮತ್ತೆ ತೋರಿಸಬೇಕು. ಇನ್ನು ಧನುರ್ವಾಯು ಅಂಥ ಕಾಯಿಲೆಯಲ್ಲಿ ಕಳ್ಳನಿಗಿಂತ ಅವನ ಕೈಯ ಮಚ್ಚು ಅಪಾಯ. ಅಲ್ಲಿ ಕಳ್ಳ ಬೇಡವೇ ಬೇಡ, ಮಚ್ಚನ್ನು ತಂದು, ಬಾಯಿ ಮೊಂಡು ಮಾಡಿ, ಇದನ್ನು ಕಂಡರೆ ಹುಷಾರು ಎಂದು ತೋರಿಸಿದರೆ ಸಾಕು. ಹುಡುಗರು ನಕ್ಕರು. ಚಿಕ್ಕರಸಿನಕೆರೆಯಿಂದ ಬರುವ ದೇವಿರಮ್ಮ ಎಂಬ ಹುಡುಗಿ ಎದ್ದು ನಿಂತಳು.

"ಸಾ, ನಾಯಿ ಕಚ್ಚುದ್ರೆ ಆಮ್ಯಾಲೆ ಆಕ್ತಾರಲ್ಲ ಸಾ. ಕಳ್ಳ ಒಳಕ್ ಬಂದಾಯ್ತಲ್ಲ."

"ಒಳ್ಳೆ ಪ್ರಶ್ನೆ," ಎಂದ. "ಈ ಕಳ್ಳ ನಿಧಾನ. ರಕ್ತದಲ್ಲಿ ಓಡಲ್ಲ. ಕಚ್ಚಿದ ಜಾಗದಿಂದ ನರ ಹಿಡಿದು, ಬದುವಿನ ಮೇಲೆ ನಡೆಯೋ ಹಾಗೆ, ಮಿದುಳಿನ ಕಡೆ ನಡೀತಾನೆ. ಅವನು ಅಲ್ಲಿ ಮುಟ್ಟೋದರೊಳಗೆ ನಾವು ದಿನಾ ಹೆಣ ತೋರಿಸಿ ತೋರಿಸಿ ಕಾವಲುಗಾರನ್ನ ತಯಾರು ಮಾಡಬೇಕು. ಒಂದು ದಿನ ಕೂಡ ಬಿಡಬಾರದು."

"ಅವ್ನು ಮೊದ್ಲು ಓಗ್ಬುಟ್ರೆ ಸಾ?"

ಅವನಿಗೆ ಮಳವಳ್ಳಿ ನೆನಪಾಯಿತು. ಮೊದಲ ಕೆಲಸ ಸಿಕ್ಕಿದ್ದು ಅಲ್ಲಿ. ಒಂದು ಮಧ್ಯಾಹ್ನ ಆಸ್ಪತ್ರೆಯ ಮುಂದೆ ಗಾಡಿಗೆ ಹಗ್ಗದಿಂದ ಕಟ್ಟಿದ್ದ ಒಬ್ಬ ಮನುಷ್ಯ. ನೀರು ನೀರು ಎಂದು ಬೇಡುತ್ತಿದ್ದ. ಅವನ ಹೆಂಡತಿ ಚೊಂಬು ತಂದು ಹತ್ತಿರ ಹಿಡಿದಳು, ನೀರು ಕಂಡದ್ದೇ ತಡ ಅವನ ಗಂಟಲು ಬಿಗಿದು, ಕಣ್ಣು ಹೊರಬಂದು, ಹಗ್ಗ ಕಿತ್ತುಹೋಗುವ ಹಾಗೆ ಒದ್ದಾಡಿದ. ಸುತ್ತ ನಿಂತ ಜನ ಹಿಂದಕ್ಕೆ ಸರಿದರು. ಯೋಗಾನರಸಿಂಹನೂ ಸರಿದಿದ್ದ. ಆ ಗಾಡಿಯ ಮೇಲೆ ಈಗ ಅಮ್ಮ. ಹುಟ್ಟಿದಾರಭ್ಯ ನೀರಿನಲ್ಲೇ ಬದುಕಿದವಳು, ಮುಟ್ಟಿದ್ದಕ್ಕೆ ನೀರು, ಕಂಡದ್ದಕ್ಕೆ ನೀರು, ನೆರಳು ಬಿದ್ದದ್ದಕ್ಕೆ ನೀರು, ಅವಳು ನೀರನ್ನು ಕಂಡು ಅರಚುತ್ತಾಳೆ. "ಹೋಗಬಾರದು," ಎಂದು ದೇವಿರಮ್ಮನಿಗೆ ಹೇಳಿದ. ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಕೂರಲಿಲ್ಲ.

"ಸತ್ತ ಕಳ್ಳನ್ನ ಎಲ್ಲಿಂದ ತತ್ತಾರೆ ಸಾ?"

ಹೇಳುವುದಕ್ಕೆ ಏನೂ ಕಷ್ಟವಿರಲಿಲ್ಲ. ಎದುರಿಗೆ ಕೂತವರಲ್ಲಿ ಮುಕ್ಕಾಲುಪಾಲು ಮಕ್ಕಳ ಮನೆಯಲ್ಲಿ ಕುರಿಯ ತಲೆ ಬೇಯುತ್ತಿತ್ತು, ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಈ ಕಳ್ಳ ಮಿದುಳಿನಲ್ಲಿ ಬಿಟ್ಟು ಬೇರೆಲ್ಲೂ ಸರಿಯಾಗಿ ಬೆಳೆಯಲ್ಲ, ಅದಕ್ಕೆ ಕುರಿಯ ಮಿದುಳಿನಲ್ಲಿ ಬೆಳೆಸಿ, ಅರೆದು, ಕಾರ್ಬಾಲಿಕ್ ಆಮ್ಲ ಹಾಕಿ ಕೊಲ್ಲುತ್ತಾರೆ, ಕಳ್ಳನ ಹೆಣದ ಜೊತೆಗೆ ಅವನು ಅಡಗಿದ್ದ ಮನೆಯ ಚೂರೂ ಸೂಜಿಯಲ್ಲಿ ಬರುತ್ತದೆ. ಕಾವಲುಗಾರ ಎಲ್ಲೋ ಒಮ್ಮೊಮ್ಮೆ ಆ ಮನೆಯ ಚೂರನ್ನೇ ಕಳ್ಳ ಎಂದು ತಿಳಿದು, ಅದೇ ಥರ ಇರುವ ನಮ್ಮ ಸ್ವಂತ ಮಿದುಳಿನ ಮೇಲೆ ದೊಣ್ಣೆ ಎತ್ತುತ್ತಾನೆ, ಆಗ ಕೈಕಾಲು ಬೀಳುತ್ತದೆ. ಎಲ್ಲ ಬಾಯಿ ತುದಿಯಲ್ಲಿತ್ತು. ಹೇಳಿದರೆ ಇಲ್ಲಿ ಹೇಳಿದ್ದು ಮಂಡ್ಯಕ್ಕೆ, ಗುತ್ತಲಿಗೆ, ಅಮ್ಮನ ಕಿವಿಗೆ ಕೇಳಿಬಿಡುತ್ತದೆ ಎಂದು ಹುಚ್ಚು ಭಯವಾಯಿತು. "ಅದು ಪರೀಕ್ಷೆಗೆ ಬರಲ್ಲ. ಕೂತ್ಕೊ," ಎಂದ. ಹುಡುಗಿಯ ಮುಖ ಪೆಚ್ಚಾಯಿತು. ಹದಿಮೂರು ವರ್ಷದ ನೌಕರಿಯಲ್ಲಿ ಅವನು ಯಾರಿಗೂ ಆ ಮಾತು ಹೇಳಿರಲಿಲ್ಲ, ಹಾಗೆ ಹೇಳುವ ಮೇಷ್ಟ್ರುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಮಧ್ಯಾಹ್ನವೇ ರಜಾ ಹಾಕಿ ಹೊರಡಬಹುದಿತ್ತು, ಕೊನೆಯ ಗಂಟೆಯವರೆಗೂ ಕೂತ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲೇ ಪಂಕಜ ಕಾಯುತ್ತಿದ್ದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಪಿಸುಮಾತಿನಲ್ಲಿ ಹೇಳಿದಳು: "ಬೆಳಗ್ಗಿಂದ ಒಂದು ತೊಟ್ಟು ನೀರು ಮುಟ್ಟಿಲ್ಲ ರೀ ಅಮ್ಮ. ಒಲೆ ಹಚ್ಚಿಲ್ಲ. ಯೋಗ ಬರಲಿ ಅಂತಾರೆ, ಅಷ್ಟೇ." "ಬೇಡ ಅಂತಾರಾ, ಇಲ್ಲ ನೀರು ಕಂಡ್ರೆ ಹೆದರ್ತಾರಾ?" ಎಂದು ಅವಳ ರಟ್ಟೆ ಹಿಡಿದು ಕೇಳಿದ. "ಸದ್ಯ ಅದಲ್ಲ. ಹಟ," ಎಂದಳು. ಪುಣ್ಯ ಎಂದುಕೊಂಡ. ಆಮೇಲೆ, "ನಿಜ ಹೇಳಿಬಿಡಲಾ ಪಂಕಜ?" ಎಂದು ಕೇಳಿದ. ಅವಳಿಗೆ ಎಲ್ಲ ಗೊತ್ತಿತ್ತು. ಅವಳು ಗಂಡನ ಮುಖವನ್ನು ಹೊಸಬನನ್ನು ನೋಡುವಂತೆ ನೋಡಿ, "ನಿಮ್ಮ ನಿಜ ಈಗ ಯಾರಿಗೆ ಬೇಕಾಗಿದೆ?" ಎಂದು ಒಳಗೆ ಹೋದಳು.

ತಿರುಮಲಮ್ಮ ದೇವರ ಮನೆಯ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಒಳಗೆ ಮಂದಾಸನದ ಮೇಲೆ ಅಪ್ಪನ ಸಾಲಿಗ್ರಾಮದ ಪೆಟ್ಟಿಗೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ತೆಗೆದು ಪೂಜೆ ಮಾಡುವ ಕೆಲಸ ಮಗನದು. ತನಗೆ ನಂಬಿಕೆಯಿಲ್ಲದ್ದನ್ನು ಮಾಡಲಾರೆ ಎಂದು ಅವನು ಹೇಳಿ ವರ್ಷಗಳಾಗಿದ್ದವು. ಅವಳು ಮುಚ್ಚಿದ ಪೆಟ್ಟಿಗೆಯ ಮುಂದೆಯೇ ದೀಪ ಹಚ್ಚಿ, ಮುಚ್ಚಿದ ಪೆಟ್ಟಿಗೆಗೇ ಅನ್ನ ತೋರಿಸಿಕೊಂಡು ಬಂದಿದ್ದಳು.

"ಬೋರಯ್ಯ ಹೇಳಿದ್ದು ನಿಜವೇನೋ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವನಿಗೇನು ಗೊತ್ತಮ್ಮ? ಯಾರೋ ತಮಾಷೆ ಮಾಡಿರ್ತಾರೆ."

"ಹಾಗಾದ್ರೆ ಬೆಳಿಗ್ಗೆ ಯಾಕೆ ಸುಮ್ಮನಿದ್ದೆ?"

ಅವಳು ಕಾಲಿನ ಗಾಯದ ಗುರುತಿನ ಮೇಲೆ ಸೀರೆ ಎಳೆದುಕೊಂಡಳು. ಆಮೇಲೆ ಅವಳು ಹೇಳಿದ್ದನ್ನು ಅವನು ಎಂದೂ ನಿರೀಕ್ಷಿಸಿರಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಇನ್ನು ಒಂ‌ದು ಸೂಜಿಯನ್ನೂ ಮುಟ್ಟಿಸಬೇಡ ಎನ್ನುತ್ತಾಳೆ, ತಾನು ವಾದ ಮಾಡುತ್ತೇನೆ, ಪುಸ್ತಕ ತೆಗೆಯುತ್ತೇನೆ, ಪ್ರಾಣ ಉಳಿಸಿಕೊಳ್ಳುವುದಕ್ಕೆ ದೋಷವಿಲ್ಲವೆಂದು ಯಾವುದಾದರೂ ಶ್ಲೋಕ ಹುಡುಕುತ್ತೇನೆ, ಎಂದೆಲ್ಲ ಬಸ್ಸಿನಲ್ಲಿ ಸಜ್ಜಾಗಿ ಬಂದಿದ್ದ. "ಯೋಗಾ, ನಂಗೆ ಭಯ ಆಗತ್ತೋ," ಎಂದಳು ಅವಳು. "ಸಾಯೋದಕ್ಕೆ ಏನಂತೆ, ನಿಮ್ಮಪ್ಪ ಹೋದಾಗಲೇ ಸಾಯಬೇಕಿತ್ತು ಅಂತ ಎಲ್ಲರ ಹತ್ತಿರ ಹೇಳ್ಕೊಂಡು ತಿರುಗಿದೀನಿ. ಆದರೆ ಆ ಹಸು ಅರಚಿದ್ದು ಕೇಳಿದೀನಲ್ಲ. ಆ ಥರ ನನ್ನ ಕೈಲಾಗಲ್ಲ. ನಂಗೆ ಬದುಕಬೇಕು ಅನ್ನಿಸತ್ತೆ. ಈ ವಯಸ್ಸಿಗೆ ನಾಚಿಕೆಗೇಡು ಅನ್ನು, ಆದ್ರೂ ಅನ್ನಿಸತ್ತೆ." ಅವನು ಅವಳ ಹತ್ತಿರ ಕೂತು ಕೈ ಹಿಡಿಯಬೇಕೆಂದುಕೊಂಡ. ಬಸ್ಸಿನಿಂದ ಬಂದ ಮೈಲಿಗೆಯ ಮೈ, ಅವಳು ಮಡಿಯಲ್ಲಿದ್ದಳು. ಕೈ ಚಾಚಲಿಲ್ಲ. ವಿಜ್ಞಾನದ ಮೇಷ್ಟ್ರು ಕೈ ಚಾಚಲಿಲ್ಲ.

"ಪೆಟ್ಟಿಗೆ ತೆಗಿ," ಎಂದಳು. "ಸಾಲಿಗ್ರಾಮದ ಮೇಲೆ ಕೈ ಇಟ್ಟು ಹೇಳು, ಅದು ಗಿಡಮೂಲಿಕೆ ಅಂತ. ನೀನು ಹೇಳಿದ್ರೆ ನಾಳೆ ಹಾಕಿಸ್ಕೋತೀನಿ. ಇಲ್ಲ ಅಂದ್ರೆ ಬೇಡ."

ಅವನಿಗೆ ಅದು ಬರೀ ಕಲ್ಲು. ಗಂಡಕಿ ನದಿಯಲ್ಲಿ ಸಿಕ್ಕುವ, ಒಂದು ಕಾಲಕ್ಕೆ ಯಾವುದೋ ಸಮುದ್ರಜೀವಿ ಸತ್ತು ಉಳಿಸಿದ ಗುರುತಿರುವ ಕಲ್ಲು ಎಂದು ಇದೇ ಮನೆಯಲ್ಲಿ ಭಾಷಣ ಮಾಡಿದ್ದ. ಕಲ್ಲಿನ ಮೇಲೆ ಕೈ ಇಟ್ಟು ಏನು ಹೇಳಿದರೇನು? ಹಾಗಿದ್ದೂ ಬಾಯಿಗೆ ಬಂದದ್ದು, "ನಾನು ಸ್ನಾನ ಮಾಡಿಲ್ಲಮ್ಮ," ಎಂಬ ಮಾತು. ತಪ್ಪಿಸಿಕೊಳ್ಳುವುದಕ್ಕೆ ಅವಳ ನಿಯಮದ ಕಾಲಿಗೇ ಬಿದ್ದಿದ್ದ. "ಮಾಡಿ ಬಾ. ಕಾಯ್ತೀನಿ," ಎಂದಳು ಅವಳು.

ಹಿತ್ತಿಲ ತೊಟ್ಟಿಯಿಂದ ತಣ್ಣೀರು ಮೊಗೆದು ತಲೆಯ ಮೇಲೆ ಹೊಯ್ದುಕೊಂಡ. ಗೋಡೆಯಾಚೆ ಬೋರಯ್ಯನ ಕೊಟ್ಟಿಗೆ ಖಾಲಿ, ಯಾವ ಸದ್ದೂ ಇರಲಿಲ್ಲ. ಸುಳ್ಳು ಹೇಳುವುದಕ್ಕೆ ಮಡಿಯಾಗುತ್ತಿದ್ದೇನೆ ಎಂದು ಅವನಿಗೆ ನಗು ಬಂತು, ನಗುವಿಗೆ ಹಿಂದೆಯೇ ಅಳು ಬಂತು, ನೀರು ಹೊಯ್ದುಕೊಳ್ಳುತ್ತಲೇ ಅತ್ತ. ಅಪ್ಪನ ಸಾವಿಗೆ ಕೂಡ ಅವನು ಹೀಗೆ ಅತ್ತಿರಲಿಲ್ಲ. ಒದ್ದೆ ಪಂಚೆಯಲ್ಲಿ ಬಂದು ದೇವರ ಮನೆಯ ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದ. ಒಣಗಿದ ತುಳಸಿಯ ಪುಡಿಯ ನಡುವೆ ಕರಿಯ ಕಲ್ಲು ಇತ್ತು. ಕೈ ಇಟ್ಟ. ತಣ್ಣಗಿತ್ತು. ಕಲ್ಲೇ ತಾನೆ ಎಂದು ಮನಸ್ಸಿನಲ್ಲಿ ಹೇಳಿಕೊಂಡರೂ ಅಂಗೈ ಬೆವರಿತು. "ಅಮ್ಮನಿಗೆ ಹಾಕ್ತಿರೋ ಔಷಧಿ ಗಿಡಮೂಲಿಕೆಯದು," ಎಂದ. "ಕುರಿಯದಲ್ಲ ಅನ್ನು," ಎಂದು ಹೊಸ್ತಿಲಾಚೆಯಿಂದ ಅವಳ ದನಿ. "ಕುರಿಯದಲ್ಲ," ಎಂದ. ಆಗ ಅವಳು, "ಪಂಕಜ, ಒಂದು ಲೋಟ ನೀರು ಕೊಡೇ," ಎಂದಳು. ಗಟಗಟ ಕುಡಿದಳು. ಆ ಕುಡಿಯುವ ಸದ್ದನ್ನು ಕಣ್ಣು ಮುಚ್ಚಿಕೊಂಡು ಅವನು ಕೇಳಿದ. ಅವಳ ಗಂಟಲು ಬಿಗಿಯಲಿಲ್ಲ. ಅಷ್ಟು ಸಾಕು, ಉಳಿದದ್ದೆಲ್ಲ ಏನಾದರೂ ಆಗಿಕೊಳ್ಳಲಿ ಎನ್ನಿಸಿತು.

ಮಾರನೆಯ ಬೆಳಿಗ್ಗೆಯಿಂದ ಅವಳು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಹೋದ ಒಂದನ್ನು ಡಾಕ್ಟರು ಕೊನೆಗೆ ಸೇರಿಸಿದರು. ಬೆಂಚಿನ ಮೇಲೆ ಅವಳನ್ನು ಕಂಡು ಬೋರಯ್ಯ ತಲೆ ತಗ್ಗಿಸಿ, "ನಾ ಸುಮ್ಕಿರಾಕಾಗ್ದೆ ಏನೋ ಅಂದ್ಬುಟ್ಟೆ, ಮನ್ಸಿಗೆ ಆಕ್ಕಬ್ಯಾಡಿ ಅಮ್ಮಾರೆ," ಎಂದ. "ನಿನಗ್ಯಾರೋ ತಪ್ಪು ಹೇಳಿದಾರಪ್ಪ. ನನ್ನ ಮಗ ಓದಿದವನು," ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಬೋರಯ್ಯ ಮೇಷ್ಟ್ರ ಕಡೆ ಒಂದು ಸಲ ನೋಡಿ, "ಊ ಕಣಮ್ಮಾರೆ, ಇದ್ದಾತು," ಎಂದು ಬೀಡಿಗೆ ತಡಕಾಡಿದ.

ಇಂಜೆಕ್ಷನ್ ಮುಗಿದವು. ಗಂಟುಗಳು ಇಳಿದವು. ಕೈಕಾಲು ಬೀಳಲಿಲ್ಲ, ನೀರು ಹೆದರಿಸಲಿಲ್ಲ. ಡಾಕ್ಟರು ಇನ್ನೇನೂ ಭಯವಿಲ್ಲ ಎಂದ ದಿನ ಅವನು ಪೇಟೆಯಿಂದ ಸೇವಂತಿಗೆ ಹೂವು ತಂದ, ಯಾತಕ್ಕೆಂದು ತನಗೇ ಗೊತ್ತಿಲ್ಲದೆ. ಅಮ್ಮ ಬದುಕಿದ್ದಳು. ಆದರೆ ಅವಳು ಆಣೆ ಮಾಡಿಸಿದ ಸಂಜೆಯಿಂದ ಅಡಿಗೆಮನೆಗೆ ಹೋಗಿರಲಿಲ್ಲ, ದೇವರ ಮನೆಯ ಹೊಸ್ತಿಲು ದಾಟಿರಲಿಲ್ಲ. ಮೊದಮೊದಲು ಹೊಟ್ಟೆಯ ನೋವಿಗೆ ಎಂದುಕೊಂಡರು. ಅಡಿಗೆ ಪಂಕಜಳ ಪಾಲಿಗೆ ಬಂತು. ತೆಗೆದ ಸಾಲಿಗ್ರಾಮವನ್ನು ಪೂಜೆಯಿಲ್ಲದೆ ಮುಚ್ಚಬಾರದು, ದಿನಾ ನೀನೇ ಮಾಡು ಎಂದು ಅವನಿಗೆ ಹೇಳಿಬಿಟ್ಟಿದ್ದಳು. ಎದುರು ಹೇಳುವ ಮುಖ ಅವನಿಗಿರಲಿಲ್ಲ. ಈಗ ಬೆಳಿಗ್ಗೆ ಬಸ್ಸಿಗೆ ಮುಂಚೆ ಸ್ನಾನ ಮಾಡಿ, ಮರೆತುಹೋದ ಮಂತ್ರಗಳನ್ನು ತಡವರಿಸಿಕೊಂಡು, ಸುಳ್ಳು ಹೇಳಿದ ಅದೇ ಕೈಯಲ್ಲಿ ಅದೇ ಕಲ್ಲಿಗೆ ನೀರೆರೆಯುತ್ತಿದ್ದ. ಅವಳು ಹೊರಗೆ ಹಜಾರದ ಕಂಬದ ಹತ್ತಿರ, ಬಂದ ಯಾರೋ ನೆಂಟರ ಹಾಗೆ ಕೂತಿರುತ್ತಿದ್ದಳು. ಎಲೆಯನ್ನೂ ಅಲ್ಲಿಗೇ ಹಾಕಿಸಿಕೊಳ್ಳುತ್ತಿದ್ದಳು. ಊಟವಾದ ಮೇಲೆ ಸಗಣಿ ಹಚ್ಚಿ ಆ ಜಾಗವನ್ನು ತಾನೇ ಸಾರಿಸುತ್ತಿದ್ದಳು. ಮೈಲಿಗೆಯವರ ಜಾಗವನ್ನು ಹಾಗೆ ಸಾರಿಸುವುದನ್ನು ಅವನು ಚಿಕ್ಕಂದಿನಿಂದ ಕಂಡಿದ್ದ.

ಒಂದು ಬೆಳಿಗ್ಗೆ ತಡೆಯಲಾರದೆ ಪೂಜೆಯ ಮಧ್ಯದಲ್ಲೇ ಎದ್ದು ಬಂದ.

"ಯಾಕಮ್ಮ ಇಲ್ಲಿ ಕೂರ್ತೀಯ? ಆಣೆ ಮಾಡಿ ಹೇಳಲಿಲ್ವಾ ನಾನು? ನನ್ನ ಮಾತು ನಂಬಲ್ವಾ?"

"ನಂಬದೇ ಏನಪ್ಪ. ನಂಬದೇ ಇದ್ದಿದ್ರೆ ಅಷ್ಟು ಸೂಜಿ ಚುಚ್ಚಿಸ್ಕೋತಿದ್ನಾ?"

"ಮತ್ತೆ?"

ತಿರುಮಲಮ್ಮ ಅವನ ಮುಖ ನೋಡಲಿಲ್ಲ. ಕಂಬದ ಬುಡದಲ್ಲಿ ಬಿದ್ದಿದ್ದ ಒಂದು ಅನ್ನದ ಅಗುಳನ್ನು ಎತ್ತಿ ಅಂಗಳಕ್ಕೆ ಹಾಕಿದಳು. "ನೀನು ನನಗೊಬ್ಬಳಿಗೇ ಹೇಳಲಿಲ್ಲವಲ್ಲೋ. ಆ ಪೆಟ್ಟಿಗೆಯಲ್ಲಿರೋ ಅವನಿಗೂ ಹೇಳಿದೀಯ. ನಾನು ಹೆತ್ತವಳು, ಕೇಳಿದ ತಕ್ಷಣ ನಂಬಿಬಿಟ್ಟೆ. ಅವನು ನಂಬಿದ ಅಂತ ನನಗೆ ಗೊತ್ತಾಗೋ ತನಕ ಇಲ್ಲೇ ಇರ್ತೀನಿ," ಎಂದಳು. "ಹೋಗು ಮಗು, ನೈವೇದ್ಯದ ಅನ್ನ ಆರತ್ತೆ."

ಅವನು ಒಳಗೆ ಹೋಗಿ, ಗಂಟೆ ಎತ್ತಿಕೊಂಡು, ಪೂಜೆ ಮುಗಿಸಿದ.